ಬಿಸಿಲು ತಿನ್ನುವ ನೆರಳು

ರೇಷ್ಮೆ ಸೀರೆಯನ್ನು ಬಿಸಿಲಿಗೆ ಹಾಕಬಾರದು ಎಂಬುದು ಮನೆಮನೆಯ ಮಾತು. ಮದುವೆ ಮುಗಿಸಿ ಬಂದ ಹೆಂಗಸರು ಸೀರೆಯನ್ನು ನಡುಮನೆಯ ನೆರಳಿನಲ್ಲೇ ಆರಹಾಕಿ, ಬೆವರಿನ ಪಸೆ ಹೋದ ಮೇಲೆ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ ಪೆಟ್ಟಿಗೆಗೆ ಸೇರಿಸುತ್ತಾರೆ. ಕಿಟಕಿಯ ಬಳಿ ಮರೆತು ಬಿಟ್ಟ ದಿನಪತ್ರಿಕೆ ಕೆಲವೇ ದಿನಗಳಲ್ಲಿ ಹಳದಿಗೆ ತಿರುಗುತ್ತದೆ. ಹೊದಿಸಿದ ಹೊಸತರಲ್ಲಿ ಕಂದುಬಣ್ಣಕ್ಕಿದ್ದ ಸೋಗೆಯ ಮಾಡು ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಬೂದಿಬಣ್ಣಕ್ಕೆ ಇಳಿಯುತ್ತದೆ. ಸೀರೆ, ಪತ್ರಿಕೆ, ಸೋಗೆ ಒಂದಕ್ಕೊಂದು ಸಂಬಂಧವಿಲ್ಲದ ವಸ್ತುಗಳು. ಆದರೆ ಅವುಗಳ ಬಣ್ಣ ಕೆಡಿಸಿದ ಕಾರಣ ಒಂದೇ. ಅದು ಬಿಸಿಲಿನೊಳಗೆ ಕಣ್ಣಿಗೆ ಕಾಣದೆ ಅಡಗಿರುವ ಅತಿನೇರಳೆ ಕಿರಣ.

ಮನುಷ್ಯ ಸಾವಿರಾರು ವರ್ಷಗಳಿಂದ ಬಿಸಿಲಿನಿಂದ ತಲೆ ಕಾಯ್ದುಕೊಂಡದ್ದು ಜೀವಿಗಳು ಕೊಟ್ಟ ವಸ್ತುಗಳಿಂದಲೇ. ಹುಲ್ಲು, ಗರಿ, ಬೇರು, ನಾರು, ಹತ್ತಿ, ಉಣ್ಣೆ, ರೇಷ್ಮೆ ಇವೆಲ್ಲ ಯಂತ್ರದ ಹಂಗಿಲ್ಲದೆ, ವಿದ್ಯುತ್ತಿನ ಹಂಗಿಲ್ಲದೆ ತಂಪು ಕೊಟ್ಟವು. ಆದರೆ ಇವಕ್ಕೊಂದು ತೊಡಕಿತ್ತು. ನೆರಳು ಕೊಡುವ ವಸ್ತುವನ್ನು ಬಿಸಿಲು ದಿನದಿನವೂ ತಿನ್ನುತ್ತ ಹೋಗುತ್ತದೆ. ಆದ್ದರಿಂದಲೇ ಹಳೆಯ ಕಾಲದ ನೆರಳು ವರ್ಷಕ್ಕೊಮ್ಮೆ ಮನುಷ್ಯನ ಕೈಯನ್ನು ಬೇಡುತ್ತಿತ್ತು. ಆ ಬೇಡಿಕೆಯನ್ನು ಪೂರೈಸಲಾಗದೆಯೇ ಊರುಗಳು ತಗಡಿನ ಶೀಟಿಗೆ ಶರಣಾದವು. ಈಗ ಪ್ರಯೋಗಾಲಯಗಳು ಮರ, ನಾರು, ರೇಷ್ಮೆಗಳ ಕಡೆಗೆ ಮತ್ತೆ ತಿರುಗಿವೆ. ಅವುಗಳ ಹಿಂದೆಯೇ ಆ ಹಳೆಯ ತೊಡಕೂ ಬಂದಿದೆ.

ಬೆಳಕಿನ ಎರಡು ತುದಿಗಳು

1800ರಲ್ಲಿ ಇಂಗ್ಲೆಂಡಿನ ಖಗೋಳ ವಿಜ್ಞಾನಿ ವಿಲಿಯಂ ಹರ್ಷೆಲ್ ಬಿಸಿಲನ್ನು ಗಾಜಿನ ಪಟ್ಟಕದ ಮೂಲಕ ಹಾಯಿಸಿ, ಬಿಡಿಸಿಕೊಂಡ ಒಂದೊಂದು ಬಣ್ಣದಲ್ಲೂ ಉಷ್ಣಮಾಪಕ ಇಟ್ಟು ನೋಡಿದರು. ಕೆಂಪಿನ ಆಚೆ, ಕಣ್ಣಿಗೆ ಏನೂ ಕಾಣದ ಜಾಗದಲ್ಲಿಟ್ಟ ಉಷ್ಣಮಾಪಕವೂ ಏರಿತು. ಅದು ಅವಕೆಂಪು ಕಿರಣ. ಮರುವರ್ಷ, 1801ರಲ್ಲಿ, ಜರ್ಮನಿಯ ಯೋಹಾನ್ ವಿಲ್ಹೆಲ್ಮ್ ರಿಟರ್ ಇನ್ನೊಂದು ತುದಿಯನ್ನು ಹುಡುಕಿ ಹೊರಟರು. ಬೆಳಕು ಬಿದ್ದರೆ ಕಪ್ಪಾಗುವ ಸಿಲ್ವರ್ ಕ್ಲೋರೈಡ್ ಎಂಬ ಬೆಳ್ಳಿಯ ಲವಣ ನೇರಳೆ ಬಣ್ಣದ ಆಚೆ, ಬರಿಗಣ್ಣಿಗೆ ಕತ್ತಲಾಗಿದ್ದ ಕಡೆ, ಎಲ್ಲಕ್ಕಿಂತ ಬೇಗ ಕಪ್ಪಾಯಿತು. ಅದು ಅತಿನೇರಳೆ ಕಿರಣ. ಹೀಗೆ ಬಿಸಿಲಿನ ಕಾಣದ ಎರಡು ತುದಿಗಳು ಒಂದೇ ವರ್ಷದ ಅಂತರದಲ್ಲಿ ಮನುಷ್ಯನ ಅರಿವಿಗೆ ಬಂದವು.

ನೆಲ ಮುಟ್ಟುವ ಬಿಸಿಲಿನಲ್ಲಿ ಸ್ಥೂಲವಾಗಿ ಅರ್ಧದಷ್ಟು ಅವಕೆಂಪು, ಉಳಿದುದರಲ್ಲಿ ಬಹುಪಾಲು ಕಣ್ಣಿಗೆ ಕಾಣುವ ಬೆಳಕು. ಅತಿನೇರಳೆಯ ಪಾಲು ಶೇಕಡಾ 5ರ ಸುಮಾರು ಮಾತ್ರ. ಅದರಲ್ಲೂ ಅತಿ ಉಗ್ರವಾದ ಭಾಗವನ್ನು ವಾಯುಮಂಡಲದ ಆಮ್ಲಜನಕ ಮತ್ತು ಓಝೋನ್ ಮೇಲೆಯೇ ತಡೆಯುತ್ತವೆ. ಪ್ರಮಾಣ ಕಡಿಮೆಯಾದರೂ ಅತಿನೇರಳೆಯ ಪೆಟ್ಟು ದೊಡ್ಡದು. ಅದರ ಒಂದೊಂದು ಬೆಳಕಿನ ಕಣವೂ ಅಣುಗಳ ನಡುವಿನ ಬಂಧವನ್ನೇ ಮುರಿಯುವಷ್ಟು ಬಲ ಹೊತ್ತಿರುತ್ತದೆ. ಚರ್ಮ ಸುಡುವುದು, ಕಣ್ಣಿನ ಪೊರೆಗೆ ಕಾರಣವಾಗುವುದು, ಬಟ್ಟೆಯ ಬಣ್ಣ ಹೋಗುವುದು, ಪ್ಲಾಸ್ಟಿಕ್ ಕುರ್ಚಿ ಪುಡಿಯಾಗುವುದು ಎಲ್ಲವೂ ಈ ಕಿರಣದ ಕೆಲಸ. ಸೆಕೆಗೆ ಮಾತ್ರ ಅದು ಅಷ್ಟಾಗಿ ಕಾರಣವಲ್ಲ. ಸೆಕೆ ತರುವುದು ಕಾಣುವ ಬೆಳಕು ಮತ್ತು ಅವಕೆಂಪು.

ಹಾಗಾಗಿ ಬಿಸಿಲಿನಿಂದ ಕಾಯುವುದೆಂದರೆ ಎರಡು ಬೇರೆ ಬೇರೆ ಕೆಲಸ. ಒಂದು, ಅತಿನೇರಳೆಯನ್ನು ತಡೆಯುವುದು. ಇನ್ನೊಂದು, ಶಾಖವನ್ನು ಒಳಗೆ ಬಿಡದಿರುವುದು. ಈ ಎರಡೂ ಸದಾ ಹೊಂದಿಕೊಂಡು ಹೋಗುವುದಿಲ್ಲ. ತೆಳುವಾದ ಬಿಳಿ ಹತ್ತಿಬಟ್ಟೆ ತೊಟ್ಟರೆ ತಂಪು, ಆದರೆ ಅದರ ಎಳೆಗಳ ಸಂದಿಯಲ್ಲಿ ಅತಿನೇರಳೆ ಸಾಕಷ್ಟು ನುಸುಳುತ್ತದೆ. ಬಟ್ಟೆ ಒದ್ದೆಯಾದರೆ ಇನ್ನಷ್ಟು. ಗಿರಣಿಯಲ್ಲಿ ಬಿಳುಪು ಮಾಡದ ಕೋರಾ ಬಟ್ಟೆ ನೋಟಕ್ಕೆ ಮಾಸಲಾದರೂ ಆ ಕಿರಣವನ್ನು ಹೆಚ್ಚು ತಡೆಯುತ್ತದೆ. ಹತ್ತಿಯ ಸಹಜ ಬಣ್ಣದ ಅಂಶಗಳು ಅದರಲ್ಲಿ ಉಳಿದಿರುವುದೇ ಇದಕ್ಕೆ ಕಾರಣ. ದಪ್ಪನೆಯ ಕರಿಬಟ್ಟೆ ಅತಿನೇರಳೆಯನ್ನು ಪೂರಾ ನುಂಗುತ್ತದೆ, ಜೊತೆಗೆ ಬಿಸಿಲಿನ ಶಾಖವನ್ನೂ ನುಂಗಿ ಕಾಯುತ್ತದೆ.

ಈ ಬಿಕ್ಕಟ್ಟಿಗೆ ಮರುಭೂಮಿಯ ಜನ ಕಂಡುಕೊಂಡ ಪರಿಹಾರ ಸ್ವಾರಸ್ಯಕರ. ಕಡು ಬಿಸಿಲಿನಲ್ಲಿ ಬದುಕುವ ಬೆಡೊಯಿನ್ ಅಲೆಮಾರಿಗಳು ಕಪ್ಪು ನಿಲುವಂಗಿ ತೊಡುವುದೇಕೆ ಎಂದು ಪರೀಕ್ಷಿಸಿದ ವಿಜ್ಞಾನಿಗಳ ವರದಿ 1980ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಕರಿಬಟ್ಟೆ ಹೆಚ್ಚು ಶಾಖ ಹೀರಿದ್ದು ನಿಜ. ಆದರೆ ಅಂಗಿ ಸಡಿಲವಾಗಿದ್ದುದರಿಂದ ಆ ಶಾಖ ಮೈಗೆ ತಾಕುವ ಮೊದಲೇ ಗಾಳಿಯ ಪಾಲಾಗುತ್ತಿತ್ತು. ಕರಿಯಂಗಿ ತೊಟ್ಟವರಿಗೂ ಬಿಳಿಯಂಗಿ ತೊಟ್ಟವರಿಗೂ ಮೈಗೆ ತಾಕಿದ ಶಾಖ ಒಂದೇ ಆಗಿತ್ತು. ಹೊರಗಿನ ಪದರ ಬಿಸಿಲಿಗೆ ಒಡ್ಡಿಕೊಳ್ಳಲಿ, ನಡುವೆ ಗಾಳಿಗೆ ಜಾಗವಿರಲಿ ಎಂಬುದು ಇಲ್ಲಿನ ಸೂತ್ರ. ಸೋಗೆಯ ಮಾಡಿನ ಸೂತ್ರವೂ ಇದೇ.

ಸೋಗೆಯ ಮಾಡಿನ ಕೆಲಸ

ಮಲೆನಾಡು ಮತ್ತು ಉತ್ತರ ಕನ್ನಡದ ತೋಟದ ಸೀಮೆಯಲ್ಲಿ ಅಡಿಕೆಯ ಸೋಗೆ, ಕರಾವಳಿಯಲ್ಲಿ ಹೆಣೆದ ತೆಂಗಿನ ಮಡಲು ಮತ್ತು ಮುಳಿಹುಲ್ಲು, ಗದ್ದೆಬಯಲಿನಲ್ಲಿ ಭತ್ತದ ಹುಲ್ಲು ಮನೆಯ ಮೇಲೆ ಏರುತ್ತಿದ್ದವು. ಕೈಗೆ ಸಿಕ್ಕಿದ್ದನ್ನು ಹೊದಿಸಿದರು ಎಂದು ಮೇಲುನೋಟಕ್ಕೆ ಅನ್ನಿಸಬಹುದು. ಆದರೆ ಒಂದು ಗೇಣು ದಪ್ಪದ ಹುಲ್ಲಿನ ಹೊದಿಕೆಯಲ್ಲಿ ಹುಲ್ಲಿಗಿಂತ ಹೆಚ್ಚಾಗಿ ಇರುವುದು ಗಾಳಿ. ಕಡ್ಡಿಗಳ ಒಳಗೂ ನಡುವೆಯೂ ಸಿಕ್ಕಿಕೊಂಡು ಅಲುಗಾಡದೆ ನಿಂತ ಗಾಳಿ ಶಾಖವನ್ನು ಸಾಗಿಸುವುದರಲ್ಲಿ ಮಹಾ ಸೋಮಾರಿ. ಮೇಲಿನ ಸೋಗೆ ಬಿಸಿಲಿಗೆ ಕಾದು ಗರಿಗರಿಯಾದರೂ ಒಳಗಿನ ಸೋಗೆಗೆ ಅದರ ಸುದ್ದಿ ಮುಟ್ಟುವುದಿಲ್ಲ. ತಗಡಿನ ಕಥೆ ಬೇರೆ. ಒಂದು ಮಿಲಿಮೀಟರ್ ದಪ್ಪವೂ ಇರದ ಆ ಹಾಳೆ ಬಿಸಿಲೇರಿದ ಕೆಲವೇ ನಿಮಿಷಗಳಲ್ಲಿ ಕಾಯುತ್ತದೆ. ಕಾದ ಮೇಲೆ ಕೆಳಗೆ ಕೂತವರ ನೆತ್ತಿಯ ಮೇಲೆ ಒಲೆಯಂತೆ ಶಾಖ ಸುರಿಯುತ್ತದೆ.

ಬಿಸಿಲನ್ನು ಎದುರಿಸುವ ಕೆಲಸದಲ್ಲಿ ಸೋಗೆಗೆ ನೆರವಾಗುವುದು ಲಿಗ್ನಿನ್ ಎಂಬ ಅಂಟು. ಗಿಡಮರಗಳ ಮೈ ಮುಖ್ಯವಾಗಿ ಎರಡು ವಸ್ತುಗಳಿಂದಾದದ್ದು. ಬಿಳಿಯ ನಾರು ಸೆಲ್ಯುಲೋಸ್. ಆ ನಾರುಗಳನ್ನು ಬಿಗಿದು ಕಟ್ಟುವ ಕಂದುಬಣ್ಣದ ಅಂಟು ಲಿಗ್ನಿನ್. ಮರದಲ್ಲಿ ಲಿಗ್ನಿನ್ ಪಾಲು ಶೇಕಡಾ 20ರಿಂದ 30. ಅದರ ಅಣುಗಳಲ್ಲಿರುವ ಉಂಗುರದಾಕಾರದ ರಚನೆ ಅತಿನೇರಳೆ ಕಿರಣವನ್ನು ಹಿಡಿದು ನುಂಗುತ್ತದೆ. ನುಂಗುವಾಗ ತಾನೇ ಮುರಿಯುತ್ತದೆ. ಬಿಸಿಲು ಸಡಿಲಿಸಿದ್ದನ್ನು ಮಳೆ ತೊಳೆದುಕೊಂಡು ಹೋಗುತ್ತದೆ. ಉಳಿಯುವುದು ಬೂದಿಬಣ್ಣದ ಬರಿ ನಾರು. ಬಣ್ಣ ಹಚ್ಚದ ಮರದ ಬಾಗಿಲು, ಹಳೆಯ ಎತ್ತಿನ ಗಾಡಿಯ ಮೂಕಿ ಬೂದುಗಟ್ಟುವುದು ಹೀಗೆ. ಮರದ ತಿರುಳನ್ನು ಅರೆದು ಮಾಡಿದ ಪತ್ರಿಕೆಯ ಕಾಗದದಲ್ಲಿ ಲಿಗ್ನಿನ್ ಉಳಿದಿರುತ್ತದೆ, ಹಳದಿಯಾಗುವುದು ಅದೇ.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ ಈ ಸವೆತ ಮೇಲುಮೇಲಿನದು. ಅತಿನೇರಳೆ ಕಿರಣ ಮರದೊಳಗೆ ಒಂದು ಕೂದಲೆಳೆಯಷ್ಟೂ ಆಳಕ್ಕೆ ಇಳಿಯಲಾರದು. ಮೇಲಿನ ಪದರ ಪೆಟ್ಟು ತಿಂದು ಕೆಳಗಿನದನ್ನು ಉಳಿಸುತ್ತದೆ. ದಪ್ಪ ಹಲಗೆಯೊಂದು ಬಿಸಿಲು ಮಳೆಗೆ ಸವೆಯುವುದು ನೂರು ವರ್ಷಕ್ಕೆ ಕೆಲವೇ ಮಿಲಿಮೀಟರ್. ಸೋಗೆಯ ಗರಿ ಹಾಗೆ ದಪ್ಪವಿಲ್ಲ. ಬಿಸಿಲು ಸಡಿಲಿಸಿದ ಗರಿಯನ್ನು ಮಳೆ ಕೊಳೆಸುತ್ತದೆ, ಗೆದ್ದಲು ಮುಗಿಸುತ್ತದೆ. ಆದ್ದರಿಂದಲೇ ಮಳೆಗಾಲಕ್ಕೆ ಮುಂಚೆ ಮಾಡಿಗೆ ಹೊಸ ಸೋಗೆ ಹೊದಿಸುವುದು ಊರಿನ ವಾರ್ಷಿಕ ಕಾರ್ಯವಾಗಿತ್ತು. ಒಬ್ಬರ ಮನೆಗೆ ಇನ್ನೊಬ್ಬರು ಮುಯ್ಯಾಳಾಗಿ ಹೋಗುತ್ತಿದ್ದರು. ಇಳಿಸಿದ ಹಳೆಯ ಸೋಗೆ ಎಸೆಯುವ ಕಸವಾಗಿರಲಿಲ್ಲ. ಅದು ಕೊಟ್ಟಿಗೆಗೋ ಗೊಬ್ಬರದ ಗುಂಡಿಗೋ ಸೇರಿ ಕೊನೆಗೆ ತೋಟಕ್ಕೇ ಹಿಂತಿರುಗುತ್ತಿತ್ತು.

ಮರದ ಗರಿ ಮರವನ್ನೇ ಕಾಯುವ ದೃಶ್ಯವನ್ನೂ ಅಡಿಕೆ ತೋಟಗಳಲ್ಲಿ ಕಾಣಬಹುದು. ತೋಟದ ಪಡುವಣ ಮತ್ತು ನೈರುತ್ಯದ ಅಂಚಿನ ಮರಗಳಿಗೆ ಮಧ್ಯಾಹ್ನದ ಮೇಲಿನ ಓರೆಬಿಸಿಲು ನೇರವಾಗಿ ಹೊಡೆಯುತ್ತದೆ. ಆ ಕಡೆಯ ಕಾಂಡ ಸುಟ್ಟು, ಸೀಳು ಬಿಟ್ಟು, ಕೆಲವು ವರ್ಷಗಳಲ್ಲಿ ಮರ ಮುರಿದು ಬೀಳುತ್ತದೆ. ಇದನ್ನು ಬಲ್ಲ ಬೆಳೆಗಾರರು ಚಳಿಗಾಲದಿಂದಲೇ ಎಳೆಯ ಮರಗಳ ಕಾಂಡಕ್ಕೆ ಸೋಗೆ ಅಥವಾ ಹಾಳೆ ಕಟ್ಟುತ್ತಾರೆ, ಇಲ್ಲವೇ ಸುಣ್ಣ ಬಳಿಯುತ್ತಾರೆ. ಸೋಗೆ ಬಿಸಿಲನ್ನು ನುಂಗಿ ಕಾಯುತ್ತದೆ. ಸುಣ್ಣ ಬಿಸಿಲನ್ನು ಹಿಂದಕ್ಕೆ ಎಸೆದು ಕಾಯುತ್ತದೆ. ಬಿಸಿಲಿನ ವಿರುದ್ಧ ಇರುವ ಎರಡು ದಾರಿಗಳೂ ಒಂದೇ ತೋಟದಲ್ಲಿ ಅಕ್ಕಪಕ್ಕ ನಿಂತಿವೆ. ಅಡಿಕೆಯ ಹಾಳೆಯಿಂದಲೇ ಹೊಲಿದ ಟೊಪ್ಪಿ, ಅಂದರೆ ತುಳುನಾಡಿನ ಮುಟ್ಟಾಳೆ, ತೋಟದಲ್ಲಿ ದುಡಿಯುವವರ ತಲೆಯನ್ನೂ ಹೀಗೆಯೇ ಕಾಯ್ದಿದೆ.

ಲಾವಂಚದ ತಟ್ಟಿ, ನೀರಿನ ಲೆಕ್ಕ

ಒಣಹವೆಯ ಬಯಲುಸೀಮೆಗಳಲ್ಲಿ ಇನ್ನೊಂದು ಉಪಾಯ ಬೆಳೆಯಿತು. ಲಾವಂಚದ ಬೇರನ್ನು ಬಿದಿರಿನ ಚೌಕಟ್ಟಿಗೆ ಹೆಣೆದು ಬಾಗಿಲು ಕಿಟಕಿಗಳಿಗೆ ತಟ್ಟಿಯಾಗಿ ಕಟ್ಟಿ ನೀರು ಚಿಮುಕಿಸುವುದು. ಅಕ್ಬರನ ಕಾಲದ ಆಡಳಿತವನ್ನು ದಾಖಲಿಸಿದ ಅಬುಲ್ ಫಜಲನ 'ಐನ್-ಇ-ಅಕ್ಬರಿ'ಯಲ್ಲಿ ಲಾವಂಚದ ತಟ್ಟಿಯ ತಂಪುಕೋಣೆಗಳ ಪ್ರಸ್ತಾಪವಿದೆ. ಮುಂದೆ ಬ್ರಿಟಿಷ್ ಅಧಿಕಾರಿಗಳ ಬಂಗಲೆಗಳಲ್ಲೂ ಇದು ಬೇಸಿಗೆಯ ಖಾಯಂ ಏರ್ಪಾಡಾಯಿತು. ತಟ್ಟಿಗೆ ನೀರು ಹಾಕಲೆಂದೇ ಆಳುಗಳಿದ್ದರು. ಹಾದುಬರುವ ಬಿಸಿಗಾಳಿ ಬೇರಿನ ತೇವವನ್ನು ಆವಿ ಮಾಡುತ್ತ ತನ್ನ ಶಾಖವನ್ನು ಕಳೆದುಕೊಂಡು, ಪರಿಮಳ ಹೊತ್ತು ಒಳಗೆ ಬರುತ್ತದೆ. ಇಂದಿನ ಏರ್ ಕೂಲರ್ ಈ ತಟ್ಟಿಗೆ ಫ್ಯಾನು ಸೇರಿಸಿದ ರೂಪವಷ್ಟೇ. ಮಣ್ಣಿನ ಹೂಜಿ ನೀರನ್ನು ತಣ್ಣಗಿಡುವುದೂ ಇದೇ ನಿಯಮದಿಂದ.

ಒಂದು ಲೀಟರ್ ನೀರು ಆವಿಯಾಗುವಾಗ ಸುತ್ತಲಿನಿಂದ ಸುಮಾರು 2,400 ಕಿಲೋಜೂಲ್ ಶಾಖ ಹೀರುತ್ತದೆ. ಅದು ಒಂದು ಯೂನಿಟ್ ವಿದ್ಯುತ್ತಿನ ಮೂರರಲ್ಲಿ ಎರಡು ಪಾಲಿಗೆ ಸಮ. ಅಗ್ಗದ ತಂಪೇ ಸರಿ. ಆದರೆ ಇದಕ್ಕೆ ಎರಡು ಷರತ್ತುಗಳಿವೆ. ಗಾಳಿ ಒಣಗಿರಬೇಕು, ನೀರು ಕೈಗೆ ಸಿಗಬೇಕು. ಕಲಬುರಗಿ, ರಾಯಚೂರುಗಳಲ್ಲಿ ಗೆಲ್ಲುವ ಕೂಲರ್ ಮೇ ತಿಂಗಳ ಮಂಗಳೂರಿನಲ್ಲಿ ಸೋಲುತ್ತದೆ. ಅಲ್ಲಿನ ಗಾಳಿ ಮೊದಲೇ ನೀರು ಕುಡಿದಿರುತ್ತದೆ. ಕಲಬುರಗಿಯಲ್ಲೂ ಕುಡಿಯುವ ನೀರಿಗೆ ಕೊಡ ಹಿಡಿದು ಸಾಲು ನಿಲ್ಲುವ ಓಣಿಯಲ್ಲಿ ತಟ್ಟಿಗೆ ಎರಚಲು ನೀರು ಎಲ್ಲಿಂದ ತರಬೇಕು? ನೀರೂ ಬೇಡದ, ವಿದ್ಯುತ್ತೂ ಬೇಡದ ತಂಪು ಇದೆಯೇ ಎಂಬ ಪ್ರಶ್ನೆ ಇಲ್ಲಿ ಹುಟ್ಟುತ್ತದೆ. ಅದಕ್ಕೆ ಉತ್ತರ ಭಾರತದ ಬಯಲಿನಲ್ಲೇ ಬಹಳ ಹಿಂದೆ ಒಂದು ಉತ್ತರವಿತ್ತು.

ಆಕಾಶಕ್ಕೆ ತೆರೆದ ಕಿಟಕಿ

1775ರಲ್ಲಿ ಸರ್ ರಾಬರ್ಟ್ ಬಾರ್ಕರ್ ಎಂಬ ಸೇನಾಧಿಕಾರಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಒಂದು ವಿಚಿತ್ರ ಸಂಗತಿಯನ್ನು ವರದಿ ಮಾಡಿದರು. ಅಲಹಾಬಾದಿನ ಸುತ್ತ ಕೆರೆಕುಂಟೆಗಳ ನೀರು ಹೆಪ್ಪುಗಟ್ಟಿದ್ದನ್ನು ಅವರು ಎಂದೂ ಕಂಡಿರಲಿಲ್ಲ. ಆದರೂ ಅಲ್ಲಿನ ಜನ ಡಿಸೆಂಬರಿನಿಂದ ಫೆಬ್ರುವರಿಯವರೆಗೆ ಬಯಲಿನಲ್ಲಿ ಮಂಜುಗಡ್ಡೆ ಮಾಡುತ್ತಿದ್ದರು. ಎರಡು ಅಡಿ ಆಳದ ವಿಶಾಲವಾದ ಗುಂಡಿ ತೋಡಿ, ತಳದಲ್ಲಿ ಕಬ್ಬಿನ ರವದೆ ಇಲ್ಲವೇ ಒಣಗಿದ ಜೋಳದ ಜಾತಿಯ ದಂಟನ್ನು ಮುಕ್ಕಾಲು ಅಡಿಯಿಂದ ಒಂದು ಅಡಿಯವರೆಗೆ ಹಾಸಿ, ಅದರ ಮೇಲೆ ಸಾಲಾಗಿ ಮಣ್ಣಿನ ಆಳವಿಲ್ಲದ ತಟ್ಟೆಗಳನ್ನಿಟ್ಟು, ಕಾಯಿಸಿ ಆರಿಸಿದ ನೀರನ್ನು ಮುಸ್ಸಂಜೆಗೆ ತುಂಬುತ್ತಿದ್ದರು. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ ಕಳೆದು ಬೆಳಗಿನ ಜಾವಕ್ಕೆ ತಟ್ಟೆಗಳಲ್ಲಿ ಮಂಜುಗಡ್ಡೆ ಸಿದ್ಧ.

ಕೆಳಗಿನ ದಂಟಿನ ಹಾಸಿಗೆ ನೆಲದ ಶಾಖ ಮೇಲೇರದಂತೆ ತಡೆಯುತ್ತಿತ್ತು. ತಟ್ಟೆಯ ನೀರಿನಿಂದ ಒಂದಿಷ್ಟು ಆವಿಯಾಗಿ ಹೋಗುತ್ತಿದ್ದುದೂ ನಿಜ. ಆದರೆ ಮುಖ್ಯ ಕಾರಣವನ್ನು ಹೊಳೆಯಿಸಿದ್ದು 1814ರಲ್ಲಿ ಬಂದ ಇಬ್ಬನಿಯ ಮೇಲಿನ ಒಂದು ಪ್ರಬಂಧ. ಅದನ್ನು ಬರೆದವರು ಲಂಡನ್ನಿನ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸ್. ನೆಲದ ಮೇಲಿನ ಪ್ರತಿಯೊಂದು ವಸ್ತುವೂ ಹಗಲಿರುಳೂ ಅವಕೆಂಪು ಕಿರಣದ ರೂಪದಲ್ಲಿ ಶಾಖವನ್ನು ಹೊರಚೆಲ್ಲುತ್ತಿರುತ್ತದೆ. ಆಕಾಶ ಶುಭ್ರವಾಗಿದ್ದರೆ ಆ ಶಾಖ ಮರಳಿ ಬರುವುದಿಲ್ಲ. ವಸ್ತು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಇಂದಿನ ವಿಜ್ಞಾನ ಇದನ್ನು ಇನ್ನೂ ಖಚಿತವಾಗಿ ಹೇಳುತ್ತದೆ. 8ರಿಂದ 13 ಮೈಕ್ರಾನ್ ಅಲೆಯುದ್ದದ ಅವಕೆಂಪು ಕಿರಣಗಳಿಗೆ ವಾಯುಮಂಡಲ ಬಹುಮಟ್ಟಿಗೆ ತೆರೆದ ಕಿಟಕಿ. ಆ ಕಿಟಕಿಯ ಮೂಲಕ ಭೂಮಿಯ ಶಾಖ ನೇರವಾಗಿ ಬಾಹ್ಯಾಕಾಶಕ್ಕೆ ಜಾರುತ್ತದೆ. ಮೋಡ ಅಥವಾ ತೇವ ತುಂಬಿದ ಗಾಳಿ ಆ ಕಿಟಕಿಗೆ ಪರದೆ ಎಳೆಯುತ್ತದೆ.

ಲಿಗ್ನಿನ್ ಕಳೆದ ಮರ

ರಾತ್ರಿ ಸಾಧ್ಯವಾದದ್ದು ಹಗಲು ಏಕೆ ಸಾಧ್ಯವಿಲ್ಲ? ಲೆಕ್ಕ ಸರಳವಾಗಿದೆ. ನಡುಹಗಲಿನ ಬಿಸಿಲು ಒಂದು ಚದರ ಮೀಟರಿಗೆ ಸುಮಾರು 1,000 ವಾಟ್ ಶಾಖ ಸುರಿಯುತ್ತದೆ. ಆಕಾಶದ ಕಿಟಕಿಯಿಂದ ಹೊರಹೋಗುವುದು ಹೆಚ್ಚೆಂದರೆ 100 ವಾಟ್‌ನ ಆಸುಪಾಸು. ಬಿಸಿಲಿನ ಹತ್ತರಲ್ಲಿ ಒಂದು ಪಾಲನ್ನು ಹೀರಿದರೂ ಗಳಿಸಿದ್ದೆಲ್ಲ ಅಲ್ಲಿಗೆ ಸರಿಹೋಯಿತು. ಹಾಗಾಗಿ ವಸ್ತು ಬಿಸಿಲಿನ ಪಾಲಿಗೆ ಅತ್ಯಂತ ಬಿಳಿಯಾಗಿರಬೇಕು, ಅವಕೆಂಪಿನ ಪಾಲಿಗೆ ಕಪ್ಪಾಗಿರಬೇಕು, ಅಂದರೆ ಶಾಖವನ್ನು ಧಾರಾಳವಾಗಿ ಹೊರಬಿಡಬೇಕು. 2014ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಹಾಫ್ನಿಯಂ ಆಕ್ಸೈಡ್ ಮತ್ತು ಸಿಲಿಕಾದ ತೆಳು ಪದರಗಳಿಂದ ಅಂಥ ಒಂದು ಕನ್ನಡಿ ಮಾಡಿ, ಉರಿಬಿಸಿಲಿನಲ್ಲೇ ಅದು ಸುತ್ತಲ ಗಾಳಿಗಿಂತ ಸುಮಾರು 5 ಡಿಗ್ರಿ ತಣ್ಣಗಿರುವುದನ್ನು ತೋರಿಸಿದರು. ಆದರೆ ಅದು ದುಬಾರಿ ಕುಸುರಿ. ಮನೆಯ ಮೇಲೆ ಹಾಸುವಂಥದಲ್ಲ.

ಅಗ್ಗದ ಉತ್ತರ ಮರದೊಳಗೇ ಇತ್ತು. ಸೆಲ್ಯುಲೋಸ್ ನಾರಿನ ರಾಸಾಯನಿಕ ಬಂಧಗಳು ಆಕಾಶದ ಕಿಟಕಿಗೆ ಹೊಂದುವ ಅಲೆಯುದ್ದದಲ್ಲೇ ಕಂಪಿಸಿ ಶಾಖ ಬಿಡುತ್ತವೆ. ಅಡ್ಡ ಬಂದಿದ್ದದ್ದು ಲಿಗ್ನಿನ್ ಬಣ್ಣ. 2019ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯ ಮತ್ತು ಕೊಲರಾಡೊ ವಿಶ್ವವಿದ್ಯಾಲಯದ ಸಂಶೋಧಕರು ಮರವನ್ನು ಹೈಡ್ರೊಜನ್ ಪೆರಾಕ್ಸೈಡಿನಲ್ಲಿ ಬೇಯಿಸಿ ಲಿಗ್ನಿನ್ ತೆಗೆದು, ಉಳಿದ ನಾರನ್ನು ಒತ್ತಿ ಬಿಗಿಗೊಳಿಸಿದರು. ಸಿಕ್ಕಿದ್ದು ಹಾಲಿನಂತೆ ಬಿಳಿಯಾದ, ಸಹಜ ಮರಕ್ಕಿಂತ ಎಂಟು ಪಟ್ಟಿಗೂ ಮಿಗಿಲಾಗಿ ಗಟ್ಟಿಯಾದ ಹಲಗೆ. 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ ಅದು ಹಗಲಿನಲ್ಲೂ ಇರುಳಿನಲ್ಲೂ ಗಾಳಿಗಿಂತ ತಂಪಾಗಿತ್ತು. ಕಟ್ಟಡದ ಹೊರಮೈಗೆ ಬಳಸಿದರೆ ತಂಪಿಗೆ ತಗಲುವ ವಿದ್ಯುತ್ತಿನಲ್ಲಿ ಶೇಕಡಾ 20ರಿಂದ 60ರವರೆಗೆ ಉಳಿಸಬಹುದೆಂದು ಅವರು ಅಂದಾಜು ಮಾಡಿದರು. ಹೆಚ್ಚಿನ ಲಾಭ ಬಿಸಿಯಾದ ಒಣ ಪ್ರದೇಶಗಳಿಗೆ.

ಆದರೆ ಲಿಗ್ನಿನ್ ಕೇವಲ ಬಣ್ಣವಲ್ಲ. ಮರಕ್ಕೆ ನೀರು ಇಳಿಯದಂತೆ, ಬೂಸಲು ಹಿಡಿಯದಂತೆ ಕಾಯುವುದರಲ್ಲಿ ಅದರ ಪಾಲು ದೊಡ್ಡದು. ಅದನ್ನು ಕಳೆದ ಮೇಲೆ ಹಲಗೆಗೆ ನೀರು ತಾಕದಂತೆ ಬೇರೆ ಲೇಪ ಬೇಕಾಗುತ್ತದೆ. ಇತ್ತ, ಮರದಿಂದ ಹೊರಬಿದ್ದ ಲಿಗ್ನಿನ್ ತನ್ನ ಹಳೆಯ ಕಸುಬನ್ನು ಬೇರೆ ಕಡೆ ಮುಂದುವರಿಸಬಲ್ಲದು. ಕಾಗದದ ಗಿರಣಿಗಳಲ್ಲಿ ಕಪ್ಪು ದ್ರಾವಣವಾಗಿ ಹೊರಬರುವ ಲಿಗ್ನಿನ್ನನ್ನು ಬಹುಪಾಲು ಉರುವಲಾಗಿ ಸುಡಲಾಗುತ್ತದೆ. ಅದನ್ನು ಬಿಸಿಲಿಗೆ ಹಚ್ಚುವ ಕ್ರೀಮಿನಲ್ಲಿ, ಪಾರದರ್ಶಕ ಹಾಳೆಗಳಲ್ಲಿ ಬೆರೆಸಿ ಅತಿನೇರಳೆಯನ್ನು ತಡೆಯುವ ಪ್ರಯೋಗಗಳು ಚೀನಾದಲ್ಲಿ ಮತ್ತು ಇತರೆಡೆ ನಡೆದಿವೆ. ಕ್ರೀಮಿನ ತಡೆಯ ಶಕ್ತಿ ಹೆಚ್ಚಿದ್ದು ನಿಜ. ಕಂದುಬಣ್ಣ ಮಾತ್ರ ಬಿಟ್ಟುಹೋಗಲಿಲ್ಲ. ಒಂದೇ ಮರದ ಎರಡು ಅಂಶಗಳಲ್ಲಿ ಒಂದು ಶಾಖವನ್ನು ಆಕಾಶಕ್ಕೆ ಕಳಿಸುತ್ತದೆ, ಇನ್ನೊಂದು ಅತಿನೇರಳೆಯನ್ನು ನುಂಗುತ್ತದೆ. ಎರಡನ್ನೂ ಒಂದೇ ಹಲಗೆಯಿಂದ ಪೂರ್ಣವಾಗಿ ಪಡೆಯುವುದು ಕಷ್ಟ.

ಹುಳುವಿನ ಜಾಣತನ

ಈ ಕಷ್ಟವನ್ನು ಪ್ರಕೃತಿ ಎದುರಿಸಿದ ರೀತಿಯನ್ನು ರೇಷ್ಮೆಯ ಗೂಡುಗಳಲ್ಲಿ ನೋಡಬಹುದು. ಮಡಗಾಸ್ಕರ್ ದ್ವೀಪದ ಧೂಮಕೇತು ಪತಂಗದ ಗೂಡು ಬಿಸಿಲಿನಲ್ಲಿ ಬೆಳ್ಳಿಯಂತೆ ಮಿನುಗುತ್ತದೆ. ಅದರ ಎಳೆಯೊಳಗೆ ಉದ್ದಕ್ಕೂ ಕಣ್ಣಿಗೆ ಕಾಣದಷ್ಟು ಸಣ್ಣ ಗಾಳಿಯ ಕೊಳವೆಗಳಿವೆ ಎಂದು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ವಿವರಿಸಿದರು. ಒಳಹೊಕ್ಕ ಬೆಳಕು ಈ ಗಾಳಿಗೊಳವೆಗಳಿಗೆ ಬಡಿದು ಚದುರಿ ಹೊರಬರುತ್ತದೆ. ರೇಷ್ಮೆಯ ಪ್ರೋಟೀನು ಅವಕೆಂಪಿನ ಶಾಖವನ್ನು ಚೆನ್ನಾಗಿ ಹೊರಬಿಡುತ್ತದೆ. ಗೂಡಿನೊಳಗಿನ ಕೋಶಾವಸ್ಥೆಯ ಜೀವ ಬೇಯದೆ ಉಳಿಯುತ್ತದೆ.

ಹಿಪ್ಪುನೇರಳೆ ಮೇಯುವ ನಮ್ಮ ರೇಷ್ಮೆಹುಳುವಿನ ಎಳೆಯಲ್ಲೂ ಈ ಗುಣ ಸ್ವಲ್ಪಮಟ್ಟಿಗೆ ಇದೆ. ಕೊರತೆ ಇರುವುದು ಅತಿನೇರಳೆಯ ಕಡೆ. ರೇಷ್ಮೆಯ ಪ್ರೋಟೀನಿನಲ್ಲಿರುವ ಟೈರೋಸಿನ್, ಟ್ರಿಪ್ಟೊಫ್ಯಾನ್ ಎಂಬ ಅಂಶಗಳು ಆ ಕಿರಣವನ್ನು ಹೀರಿ, ಕಾದು, ಮುರಿದು ಹಳದಿಗಟ್ಟುತ್ತವೆ. ಅಜ್ಜಿಯರು ಸೀರೆಯನ್ನು ನೆರಳಿನಲ್ಲಿ ಆರಹಾಕಿದ್ದಕ್ಕೆ ಇದೇ ಕಾರಣ. 2021ರಲ್ಲಿ ಚೀನಾದ ನಾನ್‌ಜಿಂಗ್ ಮತ್ತು ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯಗಳ ಸಂಶೋಧಕರು ರೇಷ್ಮೆ ಬಟ್ಟೆಯ ಎಳೆಗಳಿಗೆ ಅಲ್ಯೂಮಿನಿಯಂ ಆಕ್ಸೈಡಿನ ಅತಿಸೂಕ್ಷ್ಮ ಕಣಗಳನ್ನು ಅಂಟಿಸಿದರು. ಆ ಕಣಗಳು ಅತಿನೇರಳೆಯನ್ನು ಪ್ರೋಟೀನಿಗೆ ತಾಕಗೊಡದೆ ಚದುರಿಸಿದವು. ಸುಮಾರು 35 ಡಿಗ್ರಿಯ ಬಿಸಿಲಿನಲ್ಲಿ ಆ ಬಟ್ಟೆ ಗಾಳಿಗಿಂತ 3.5 ಡಿಗ್ರಿಯಷ್ಟು ತಂಪಾಗಿತ್ತು. ಚರ್ಮದ ಪ್ರತಿರೂಪವೊಂದಕ್ಕೆ ಹೊದಿಸಿ ನೋಡಿದಾಗ ಸಾದಾ ರೇಷ್ಮೆಗಿಂತ ಸುಮಾರು 8 ಡಿಗ್ರಿ ಕಡಿಮೆ ಉಷ್ಣತೆ ಕಂಡಿತು.

ಈ ಸುದ್ದಿ ಕರ್ನಾಟಕಕ್ಕೆ ದೂರದ್ದೇನಲ್ಲ. ಟಿಪ್ಪು ಸುಲ್ತಾನನ ಕಾಲದಲ್ಲಿ ಮೈಸೂರು ಸೀಮೆಯಲ್ಲಿ ಬೇರುಬಿಟ್ಟ ರೇಷ್ಮೆ ಕೃಷಿ, 1912ರಲ್ಲಿ ಮೈಸೂರಿನಲ್ಲಿ ಆರಂಭವಾದ ನೇಯ್ಗೆ ಕಾರ್ಖಾನೆ, ರಾಮನಗರದ ಗೂಡಿನ ಮಾರುಕಟ್ಟೆ ಇವೆಲ್ಲ ಸೇರಿ ಹಿಪ್ಪುನೇರಳೆ ರೇಷ್ಮೆಯಲ್ಲಿ ರಾಜ್ಯವನ್ನು ದೇಶದ ಮೊದಲ ಸ್ಥಾನಕ್ಕೆ ತಂದಿವೆ. ಇಷ್ಟು ಕಾಲ ರೇಷ್ಮೆಗೆ ಬೆಲೆ ಬಂದದ್ದು ಹೊಳಪಿನಿಂದ, ಮಡಿಯಿಂದ, ಮದುವೆಯಿಂದ. ಬಿಸಿಲಿಗೆ ಅಂಜಿ ಪೆಟ್ಟಿಗೆ ಸೇರುವ ಬಟ್ಟೆ ಬಿಸಿಲಿನಲ್ಲಿ ದುಡಿಯುವವರ ಬಟ್ಟೆಯಾಗಬಲ್ಲದೇ ಎಂಬ ಪ್ರಶ್ನೆಗೆ ಪ್ರಯೋಗಾಲಯ ಹೌದೆನ್ನುತ್ತದೆ. ರೇಷ್ಮೆಯ ಧಾರಣೆ ಸದ್ಯಕ್ಕೆ ಇಲ್ಲವೆನ್ನುತ್ತದೆ.

ತಗಡಿನ ಕೆಳಗೆ

ತಂಪು ಅತ್ಯಂತ ಅಗತ್ಯವಾಗಿರುವುದು ತಗಡಿನ ಮತ್ತು ಸಿಮೆಂಟ್ ಶೀಟಿನ ಕೆಳಗೆ ಬದುಕುವವರಿಗೆ. ಸೋಗೆಯನ್ನು ಬಿಟ್ಟು ಶೀಟು ಹಾಕಿಸಿದವರನ್ನು ದೂರುವುದು ಸುಲಭ, ನ್ಯಾಯವಲ್ಲ. ಸೋಗೆಯ ಮನೆಗೆ ಕಿಡಿ ತಾಕಿದರೆ ಓಣಿಯೇ ಉರಿಯುತ್ತಿತ್ತು. ಇಲಿ, ಹಾವು, ಸೋರುವ ಮೂಲೆ, ಆಳು ಸಿಗದ ಮೇ ತಿಂಗಳು ಇವೆಲ್ಲ ಅನುಭವಿಸಿದವರಿಗೇ ಗೊತ್ತು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದಾಗ ಕೊಳ್ಳುವ ಶಕ್ತಿ ಇದ್ದವರು ಹಂಚಿಗೆ ಹೋದರು. ಇಲ್ಲದವರು ಸೋಗೆಯಲ್ಲೇ ಉಳಿದು, ಮುಂದೆ ನೇರವಾಗಿ ಶೀಟಿಗೆ ಜಿಗಿದರು. ವರ್ಷ ವರ್ಷದ ದುಡಿಮೆಯಿಂದ ಬಿಡುಗಡೆ ಸಿಕ್ಕಿತು. ಅದಕ್ಕೆ ಕೊಟ್ಟ ಬೆಲೆ ಮಧ್ಯಾಹ್ನದ ನಿದ್ದೆ. ಬೀಡಿ ಕಟ್ಟುವ, ಹೊಲಿಗೆ ಹಾಕುವ ಹೆಂಗಸರಿಗೆ, ತೊಟ್ಟಿಲ ಮಗುವಿಗೆ, ಹಾಸಿಗೆ ಹಿಡಿದ ಮುದುಕರಿಗೆ ಆ ಸೂರಿನಡಿಯ ಹಗಲು ಉರಿಯುವ ಹಗಲು. ಉಳ್ಳವರ ಮನೆಯ ಏರ್ ಕಂಡಿಷನರ್ ತನ್ನ ಒಳಗಿನ ಶಾಖವನ್ನು ಹೊರಗಿನ ಅದೇ ಓಣಿಗೆ ಚೆಲ್ಲುತ್ತದೆ.

2010ರ ಬಿಸಿಗಾಳಿಯಲ್ಲಿ ಬಹಳ ಸಾವು ಕಂಡ ಅಹಮದಾಬಾದ್ 2013ರಲ್ಲಿ ದೇಶದಲ್ಲೇ ಮೊದಲು ಬಿಸಿಗಾಳಿ ಎದುರಿಸುವ ಯೋಜನೆ ರೂಪಿಸಿತು. 2017ರಲ್ಲಿ ಬಡವರ ಮನೆಗಳ ಚಾವಣಿಗೆ ಸುಣ್ಣ ಬಳಿಯುವ ಕಾರ್ಯಕ್ರಮವನ್ನೂ ಕೈಗೊಂಡಿತು. ತೆಲಂಗಾಣ 2023ರಲ್ಲಿ ತಂಪು ಚಾವಣಿಗೆಂದೇ ಒಂದು ನೀತಿ ಪ್ರಕಟಿಸಿತು. ಸುಣ್ಣ ಒಣಗಿ ಗಟ್ಟಿಯಾದ ಮೇಲೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಕಡಲಿನ ಚಿಪ್ಪು ಆಗಿರುವುದೂ ಅದರಿಂದಲೇ. ಕರಾವಳಿಯವರು ಚಿಪ್ಪನ್ನು ಸುಟ್ಟು ಸುಣ್ಣ ಮಾಡಿ ಗೋಡೆಗೆ ಬಳಿದಾಗ ಒಂದು ಜೀವಿಯ ಮೈಹೊದಿಕೆಯನ್ನೇ ತಮ್ಮ ಮನೆಗೆ ಹೊದಿಸುತ್ತಿದ್ದರು. 2020ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಬಿಸಿಲಿನ ಶೇಕಡಾ 95.5ರಷ್ಟನ್ನು ಹಿಂದಕ್ಕೆ ಎಸೆಯುವ ಬಣ್ಣ ತಯಾರಿಸಿದ್ದೂ ಇದೇ ಕ್ಯಾಲ್ಸಿಯಂ ಕಾರ್ಬೊನೇಟಿನಿಂದ.

ಆದರೆ ಬಿಳಿಯ ದಾರಿಗೂ ತನ್ನದೇ ಸವೆತವಿದೆ. ನುಂಗುವ ಸೋಗೆಯನ್ನು ಅತಿನೇರಳೆ ತಿಂದರೆ, ಹಿಂದಕ್ಕೆಸೆಯುವ ಬಿಳುಪನ್ನು ಧೂಳು ತಿನ್ನುತ್ತದೆ. ರಸ್ತೆಯ ಕೆಂಧೂಳು, ಲಾರಿಯ ಹೊಗೆ, ಮಳೆಗಾಲದ ಪಾಚಿ ಕೂತ ಚಾವಣಿ ಬಿಸಿಲಿನ ಲೆಕ್ಕದಲ್ಲಿ ಬಿಳಿಯಾಗಿ ಉಳಿಯುವುದಿಲ್ಲ. ಸುಣ್ಣವನ್ನು ಮತ್ತೆ ಮತ್ತೆ ಬಳಿಯಬೇಕು, ಹಲಗೆಯನ್ನು ತೊಳೆಯಬೇಕು. ಕರಾವಳಿಯ ತೇವದ ಗಾಳಿಯಲ್ಲಿ ಆಕಾಶದ ಕಿಟಕಿಯೂ ಅರ್ಧ ಮುಚ್ಚಿರುತ್ತದೆ. ಅಲ್ಲಿ ಅಗಲವಾದ ಸೂರು, ದಪ್ಪ ಮಾಡು, ಗಾಳಿಯಾಡುವ ಜಗುಲಿಗಳೇ ಹೆಚ್ಚು ನೆರವಿಗೆ ಬರುತ್ತವೆ. ಒಟ್ಟಿನಲ್ಲಿ ಯಾವ ದಾರಿ ಹಿಡಿದರೂ ವರ್ಷಕ್ಕೊಮ್ಮೆ ಯಾರಾದರೂ ಮಾಡು ಹತ್ತಲೇಬೇಕು. ಹಿಂದೆ ಮುಯ್ಯಾಳಿನ ಪದ್ಧತಿ ಆ ಕೆಲಸ ಮಾಡುತ್ತಿತ್ತು. ಇಂದು ಅದನ್ನು ಮಾಡಬೇಕಾದವರು ನಗರಸಭೆಗಳು ಮತ್ತು ಪಂಚಾಯಿತಿಗಳು. ಚರಂಡಿ ಹೂಳೆತ್ತುವಂತೆ, ಬೀದಿದೀಪ ಬದಲಿಸುವಂತೆ, ಬೇಸಿಗೆಗೆ ಮುಂಚೆ ಶೀಟಿನ ಮನೆಗಳಿಗೆ ಬಿಳಿ ಬಳಿಸುವುದೂ ಅವುಗಳ ವಾರ್ಷಿಕ ಲೆಕ್ಕದಲ್ಲಿ ಸೇರದೆ ಇದ್ದರೆ ಯಾವ ಹೊಸ ವಸ್ತುವೂ ಎರಡನೆಯ ಬೇಸಿಗೆ ಕಾಣುವುದಿಲ್ಲ.

ಈಚಿನ ವರ್ಷಗಳಲ್ಲಿ ಚಪ್ಪರದ ಜಾಗಕ್ಕೆ ಪ್ಲಾಸ್ಟಿಕ್ಕಿನ ಹಸಿರು ಬಲೆ ಬಂದಿದೆ. ಉತ್ತರ ಕರ್ನಾಟಕದವರು ಹಂದರ ಎನ್ನುವ, ತೆಂಗಿನ ಗರಿ, ಮಾವಿನ ಸೊಪ್ಪು ಹೊದಿಸಿದ ನೆರಳು ಹಬ್ಬ ಮುಗಿದ ಮೇಲೆ ದನಕ್ಕೋ ತಿಪ್ಪೆಗೋ ಹೋಗುತ್ತಿತ್ತು. ಹಸಿರು ಬಲೆಯನ್ನೂ ಅತಿನೇರಳೆ ಬಿಡುವುದಿಲ್ಲ. ಕೆಲವು ಬೇಸಿಗೆ ಕಳೆದರೆ ಮುಟ್ಟಿದಲ್ಲಿ ಪುಡಿಯಾಗಿ ಉದುರುತ್ತದೆ, ಮಣ್ಣಿನಲ್ಲಿ ಕರಗದೆ ಉಳಿಯುತ್ತದೆ. ಲಿಗ್ನಿನ್ ಕಳೆದ ಬಿಳಿ ಮರವಾಗಲಿ, ಕಣ ಅಂಟಿಸಿದ ರೇಷ್ಮೆಯಾಗಲಿ ಪ್ರಯೋಗಾಲಯದಿಂದ ಓಣಿಗೆ ಬರುವ ದಿನ ಎರಡು ಪ್ರಶ್ನೆಗಳಿಗೆ ಉತ್ತರಿಸಬೇಕಾಗುತ್ತದೆ. ಎಷ್ಟು ಬೇಸಿಗೆ ಬಾಳುತ್ತೀಯೆ, ಬಾಳಿ ಮುಗಿದ ಮೇಲೆ ಎಲ್ಲಿಗೆ ಹೋಗುತ್ತೀಯೆ? ಮೊದಲನೆಯ ಪ್ರಶ್ನೆಗೆ ಸೋಗೆಯ ಬಳಿ ಇದ್ದ ಉತ್ತರ ಬಡವಾದದ್ದು, ಒಂದೇ ಬೇಸಿಗೆ. ಎರಡನೆಯದಕ್ಕೆ ಅದರ ಉತ್ತರ ಅಡಿಕೆ ಮರದ ಬುಡದಲ್ಲಿತ್ತು.